ನಾನು ಯಾರು ಎಂಬ ಪ್ರಶ್ನೆ: ದಾವಣಗೆರೆ, ಚಿತ್ರದುರ್ಗದ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಪದವಿ ಪೂರ್ವ ಕಾಲೇಜಿನ ಮಕ್ಕಳಿಗೆ ಕನ್ನಡ ಕಲಿಸುವುದು ನನ್ನ ಕೆಲಸ. ತರಗತಿ ಮುಗಿದ ಮೇಲೆ ಕಾರಿಡಾರಿನಲ್ಲಿ ತಡೆದು ನಿಲ್ಲಿಸಿ ಮಕ್ಕಳು ಕೇಳಿದ್ದು, ಮಕ್ಕಳನ್ನು ನೋಡಲು ಬಂದ ತಾಯಂದಿರು ಸೆರಗಿನ ತುದಿ ಸುತ್ತುತ್ತಾ ಕೇಳಿದ್ದು, ಚಿತ್ರದುರ್ಗದ ನೆಂಟರು ಊಟಕ್ಕೆ ಕೂತಾಗ ಕೇಳಿದ್ದು, ತನ್ನನ್ನು ತಾನು ಅರಿಯುವ ಬಗ್ಗೆ, ಮನಸ್ಸಿನ ಆರೋಗ್ಯದ ಬಗ್ಗೆ ಬಂದ ಪ್ರಶ್ನೆಗಳೆಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ. ನಾನು ವೈದ್ಯಳಲ್ಲ. ಓದಿ ತಿಳಿದದ್ದನ್ನು, ಮಕ್ಕಳ ನಡುವೆ ಕಂಡದ್ದನ್ನು ಬರೆದಿದ್ದೇನೆ. ವೈದ್ಯರ ಬಳಿಗೇ ಹೋಗಬೇಕಾದ ಸಂದರ್ಭ ಯಾವುದು ಎಂಬುದನ್ನೂ ಮುಂದೆ ಹೇಳಿದ್ದೇನೆ.

ತನ್ನನ್ನು ತಾನು ಅರಿಯುವುದು ಎಂದರೆ ಅಧ್ಯಾತ್ಮದ ಮಾತಲ್ಲವೇ? ಅದಕ್ಕೂ ಮಾನಸಿಕ ಆರೋಗ್ಯಕ್ಕೂ ಏನು ಸಂಬಂಧ?

ಅಧ್ಯಾತ್ಮದ ದಾರಿ ಹಿಡಿದವರು ಅದನ್ನೇ ಹಿಡಿಯಲಿ. ಇಲ್ಲಿ ನಾನು ಹೇಳುತ್ತಿರುವುದು ಅಡುಗೆಮನೆಯಲ್ಲಿ, ಬಸ್ ನಿಲ್ದಾಣದಲ್ಲಿ ಬೇಕಾಗುವ ಅರಿವಿನ ಬಗ್ಗೆ. ಈಗ ನನ್ನೊಳಗೆ ಏನಾಗುತ್ತಿದೆ, ಅದರಿಂದ ನಾನು ಏನು ಮಾಡಹೊರಟಿದ್ದೇನೆ, ಅದು ಎದುರಿಗಿರುವವರಿಗೆ ಹೇಗೆ ತಾಕುತ್ತದೆ ಎಂದು ಗಮನಿಸುವುದು. ಬೆಳಿಗ್ಗೆ ಗ್ಯಾಸ್ ಮುಗಿದ ಸಿಟ್ಟು ಮಗುವಿನ ಟಿಫನ್ ಡಬ್ಬಿಯ ಮುಚ್ಚಳದ ಮೇಲೆ ತೀರುತ್ತದೆ. ಮಗು ತಾನೇನೋ ತಪ್ಪು ಮಾಡಿದೆನೆಂದುಕೊಂಡು ಶಾಲೆಗೆ ಹೋಗುತ್ತದೆ. ಆ ಸಿಟ್ಟು ಎಲ್ಲಿಂದ ಬಂತೆಂದು ಆ ಗಳಿಗೆಯಲ್ಲಿ ಕಂಡಿದ್ದರೆ ಮುಚ್ಚಳ ಅಷ್ಟು ಸದ್ದು ಮಾಡುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಶಾಲಾ ಮಕ್ಕಳಿಗಾಗಿ ಪಟ್ಟಿ ಮಾಡಿದ 10 ಜೀವನ ಕೌಶಲಗಳಲ್ಲಿ ಸ್ವಯಂ ಅರಿವೂ ಒಂದು. ಕೌಶಲ ಎಂದ ಮೇಲೆ ಅದು ರೊಟ್ಟಿ ತಟ್ಟಿದ ಹಾಗೆ, ಕೈ ಕೂರಲು ಸಮಯ ಬೇಕು.

"ನೀನು ಯಾರು" ಎಂದರೆ ಅಪ್ಪನ ಹೆಸರು, ಊರು, ಓದು ಹೇಳುತ್ತೇವೆ. ಅದೇ ನನ್ನ ಗುರುತಲ್ಲವೇ?

ಅದೂ ನಿಮ್ಮದೇ. ಆದರೆ ಅದು ನಿಮ್ಮ ವಿಳಾಸ, ನಿಮ್ಮ ಮನೆಯ ಒಳಭಾಗವಲ್ಲ.

1954ರಲ್ಲಿ ಕೂನ್ ಮತ್ತು ಮೆಕ್‌ಪಾರ್ಟ್‌ಲ್ಯಾಂಡ್ ಎಂಬ ಅಮೆರಿಕದ ಇಬ್ಬರು ಸಮಾಜ ವಿಜ್ಞಾನಿಗಳು ಒಂದು ಸರಳ ಪರೀಕ್ಷೆ ಪ್ರಕಟಿಸಿದರು. "ನಾನು ಯಾರು?" ಎಂಬ ಒಂದೇ ಪ್ರಶ್ನೆಗೆ 20 ಉತ್ತರ ಬರೆಯಬೇಕು, ಅಷ್ಟೇ. ಜನ ಮೊದಲು ಬರೆಯುವುದು ಎಲ್ಲರಿಗೂ ಗೊತ್ತಿರುವ ಗುರುತುಗಳನ್ನು: ವಿದ್ಯಾರ್ಥಿ, ಮಗಳು, ಇಂಥ ಧರ್ಮದವನು. ಆ ಸರಕು ಖಾಲಿಯಾದ ಮೇಲೆ ಒಳಗಿನದು ಹೊರಬರುತ್ತದೆ.

ಇದನ್ನು ನನ್ನ ತರಗತಿಯಲ್ಲಿ ಒಮ್ಮೆ ಮಾಡಿಸಿದೆ. ಜಗಳೂರು ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದ ಒಬ್ಬ ಹುಡುಗ ಎರಡು ನಿಮಿಷದಲ್ಲಿ ಐದು ಸಾಲು ಬರೆದ. ಹೆಸರು, ಅಪ್ಪನ ಹೆಸರು, ಊರು, ವಿಜ್ಞಾನ ವಿಭಾಗ, ಹತ್ತನೇ ತರಗತಿಯ ಶೇಕಡಾವಾರು ಅಂಕ. ಆಮೇಲೆ ಪೆನ್ನಿನ ಮುಚ್ಚಳ ಕಚ್ಚುತ್ತಾ ಕೂತ. ಪಕ್ಕದವನ ಹಾಳೆ ನೋಡಿದ. ಕಿಟಕಿ ನೋಡಿದ. ಗಂಟೆ ಹೊಡೆಯುವ ಹೊತ್ತಿಗೆ ಆರನೇ ಸಾಲು ಬಂದಿತ್ತು: "ನಾನು ಮಳೆ ಬರುವ ಮೊದಲೇ ಅದರ ವಾಸನೆ ಹಿಡಿಯುತ್ತೇನೆ." ಮಳೆಗಾಗಿ ಬಾಯಿ ಬಿಡುವ ತಾಲ್ಲೂಕಿನ ಹುಡುಗನಿಗೆ ಅದು ಸಣ್ಣ ಮಾತಲ್ಲ. ಉಳಿದದ್ದನ್ನು ಹಾಸ್ಟೆಲಿನಲ್ಲಿ ಬರೆದು ಮರುದಿನ ತಂದುಕೊಟ್ಟ. ಒಂಬತ್ತನೆಯದು ಹೀಗಿತ್ತು: "ನಾನು ಫೋನಿನಲ್ಲಿ ಅಪ್ಪನಿಗೆ ಊಟ ಆಯಿತು ಎಂದು ಯಾವಾಗಲೂ ಸುಳ್ಳು ಹೇಳುತ್ತೇನೆ." ಹಾಸ್ಟೆಲಿನಲ್ಲಿ ಅವನು ರಾತ್ರಿ ಊಟ ಬಿಡುತ್ತಿದ್ದುದು ನನಗೆ ತಿಳಿದದ್ದು ಆ ಸಾಲಿನಿಂದ. ಅವನಿಗೇ ಅದು ಒಂದು ತೊಂದರೆ ಎಂದು ಹೊಳೆದದ್ದೂ ಬರೆದ ಮೇಲೆಯೇ.

ನೀವೂ ಬರೆದು ನೋಡಿ. ಮೊದಲ ಏಳೆಂಟು ಸಾಲು ಬೇಗ ಆಗುತ್ತವೆ. ಸಿಕ್ಕಿಕೊಳ್ಳುವ ಜಾಗದಲ್ಲಿ ಎದ್ದು ಹೋಗಬೇಡಿ.

ನೀಟ್‌ನಲ್ಲಿ ಸೀಟು ಸಿಗಲಿಲ್ಲ. ಈಗ ನಾನು ಏನೂ ಅಲ್ಲ ಎನಿಸುತ್ತದೆ. ಇದು ನಿಜವೇ?

ನಿಜವಲ್ಲ. ಆದರೆ ಹಾಗೆ ಅನಿಸುವುದಕ್ಕೆ ಕಾರಣವಿದೆ. ನಮ್ಮ ದಾವಣಗೆರೆ ಕಾಲೇಜುಗಳ ಊರು. ಇಲ್ಲಿನ ಜಯಜಗದ್ಗುರು ಮುರುಘರಾಜೇಂದ್ರ ವೈದ್ಯಕೀಯ ಕಾಲೇಜು 1965ರಿಂದ ನಡೆಯುತ್ತಿದೆ. ಬಿಳಿ ಕೋಟು ಹಾಕಿದವರನ್ನು ರಸ್ತೆಯಲ್ಲಿ ನೋಡುತ್ತಲೇ ಇಲ್ಲಿಯ ಮಕ್ಕಳು ಬೆಳೆಯುತ್ತಾರೆ. ಏಳನೇ ತರಗತಿಯಲ್ಲೇ "ನಮ್ಮ ಹುಡುಗಿ ಡಾಕ್ಟರ್" ಎಂದು ನೆಂಟರೆದುರು ಹೇಳಿಬಿಡುತ್ತೇವೆ. ಅವಳು ಆ ಅಂಗಿ ತನಗೆ ಒಗ್ಗುತ್ತದೋ ಇಲ್ಲವೋ ಎಂದು ತೊಟ್ಟು ನೋಡಿಯೇ ಇರುವುದಿಲ್ಲ.

ಮನೋವಿಜ್ಞಾನಿ ಎರಿಕ್ ಎರಿಕ್ಸನ್ ಹದಿಹರೆಯದ ಮುಖ್ಯ ಕೆಲಸವೇ ತನ್ನ ಗುರುತನ್ನು ಹುಡುಕಿಕೊಳ್ಳುವುದು ಎಂದಿದ್ದರು. ಅವರ ವಿಚಾರವನ್ನು ಮುಂದುವರಿಸಿದ ಜೇಮ್ಸ್ ಮಾರ್ಸಿಯಾ 1966ರಲ್ಲಿ ಈ ಹುಡುಕಾಟದ ನಾಲ್ಕು ಸ್ಥಿತಿಗಳನ್ನು ಗುರುತಿಸಿದರು. ಅವುಗಳಲ್ಲಿ ನಮ್ಮ ಮನೆಗಳಿಗೆ ತೀರಾ ಪರಿಚಿತವಾದದ್ದು ಹುಡುಕದೆಯೇ ಒಪ್ಪಿಕೊಂಡ ಗುರುತು. ಹಿರಿಯರು ಕೊಟ್ಟರು, ನಾವು ತೊಟ್ಟೆವು. ಇನ್ನೊಂದು, ಇನ್ನೂ ಹುಡುಕುತ್ತಾ ಇರುವ ಸ್ಥಿತಿ. ನೀವು ಈಗ ಆ ಎರಡನೆಯದರೊಳಗೆ ತಳ್ಳಲ್ಪಟ್ಟಿದ್ದೀರಿ. ಅಲ್ಲಿ ಕಳವಳ ಇರುವುದು ಸಹಜ, ಅದನ್ನು ರೋಗವೆಂದು ಭಾವಿಸಬೇಡಿ.

ಇನ್ನೊಂದು ಮಾತು. ಪೆಟ್ರೀಷಿಯಾ ಲಿನ್‌ವಿಲ್ ಎಂಬ ಮನೋವಿಜ್ಞಾನಿ 1980ರ ದಶಕದಲ್ಲಿ ಒಂದು ವಿಚಾರ ಮುಂದಿಟ್ಟರು. ತನ್ನನ್ನು ಹಲವು ಬಗೆಯಲ್ಲಿ ಕಾಣುವವರಿಗೆ ಒಂದು ಕಡೆ ಬಿದ್ದ ಪೆಟ್ಟು ಅಷ್ಟು ಆಳಕ್ಕೆ ಇಳಿಯುವುದಿಲ್ಲ. ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬರೀ ಮೆಕ್ಕೆಜೋಳ ನಂಬಿದವನಿಗೂ, ಬದುವಿನಲ್ಲಿ ತೊಗರಿ, ಹಿತ್ತಿಲಲ್ಲಿ ಎರಡು ಎಮ್ಮೆ ಇಟ್ಟುಕೊಂಡವನಿಗೂ ಬರದ ವರ್ಷದಲ್ಲಿ ಇರುವ ವ್ಯತ್ಯಾಸವೇ ಇದು. ಅಂಕ ನಿಮ್ಮ ಒಂದು ಬೆಳೆ. ತಂಗಿಗೆ ಲೆಕ್ಕ ಹೇಳಿಕೊಡುವವಳು, ವಾಲಿಬಾಲ್ ಆಡುವವಳು, ಅಜ್ಜಿಯ ಕಾಲು ಒತ್ತುವವಳು, ಇವೆಲ್ಲ ಈಗಲೂ ನಿಂತ ಬೆಳೆಗಳು. ಪರೀಕ್ಷೆಯ ವರ್ಷದಲ್ಲಿ ಮಕ್ಕಳಿಂದ ಇವನ್ನೆಲ್ಲ ಬಿಡಿಸುತ್ತೇವಲ್ಲ, ಅದು ನನಗೆ ಬಹಳ ನೋವು ತರುವ ವಿಷಯ.

ನನಗೆ ಯಾವಾಗಲೂ "ಬೇಜಾರು". ಕಾರಣ ಗೊತ್ತಿಲ್ಲ. ಏನು ಮಾಡಲಿ?

ಮೊದಲು ಆ ಮಾತನ್ನೇ ಸ್ವಲ್ಪ ಬಿಚ್ಚಿ ನೋಡೋಣ. ಕನ್ನಡದಲ್ಲಿ ಬೇಜಾರು ಎಂಬುದು ದೊಡ್ಡ ಚೀಲ. ಕೆಲಸವಿಲ್ಲದಿದ್ದರೂ ಬೇಜಾರು, ಗೆಳತಿ ಮಾತು ಬಿಟ್ಟರೂ ಬೇಜಾರು, ಸಾವಿನ ಮನೆಗೆ ಹೋಗಿ ಬಂದರೂ ಬೇಜಾರು, ಕ್ಷಮೆ ಕೇಳುವಾಗಲೂ "ಬೇಜಾರು ಮಾಡಿಕೊಳ್ಳಬೇಡಿ". ಈಚೆಗೆ ಅದರ ಪಕ್ಕದಲ್ಲಿ ಟೆನ್ಷನ್ ಎಂಬ ಇನ್ನೊಂದು ಚೀಲ ಬಂದಿದೆ. ಆದರೆ ನಮ್ಮ ಭಾಷೆಯಲ್ಲಿ ಎಷ್ಟು ಚೊಕ್ಕ ಮಾತುಗಳಿವೆ! ಸಂಕಟ, ಕಳವಳ, ತಳಮಳ, ದಿಗಿಲು, ಅಳುಕು, ಮುಜುಗರ, ಮುನಿಸು, ಕೊರಗು, ಹಳಹಳಿ, ಅಸೂಯೆ, ಜುಗುಪ್ಸೆ, ಒಂಟಿತನ. ತಳಮಳ ಇರುವವರಿಗೆ ಬೇಕಾದ ಮದ್ದು ಬೇರೆ, ಒಂಟಿತನ ಇರುವವರಿಗೆ ಬೇಕಾದದ್ದು ಬೇರೆ.

ಒಬ್ಬ ಹುಡುಗಿ ತಿಂಗಳುಗಟ್ಟಲೆ "ಬೇಜಾರು ಮೇಡಂ" ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಈ ಮಾತುಗಳನ್ನು ಹಾಳೆಯ ಮೇಲೆ ಬರೆದು ಅವಳ ಮುಂದಿಟ್ಟೆ. ಬೆರಳಿಟ್ಟು ಒಂದೊಂದೇ ಓದುತ್ತಾ ಹೋದಳು. "ಅಳುಕು" ಎಂಬಲ್ಲಿ ಬೆರಳು ನಿಂತಿತು. "ಇದು" ಎಂದಳು. ಯಾವಾಗ ಎಂದು ಕೇಳಿದೆ. ಭೌತಶಾಸ್ತ್ರದ ತರಗತಿಯಲ್ಲಂತೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ, ಈಗ ಎಲ್ಲವೂ ಇಂಗ್ಲಿಷ್. ಉತ್ತರ ಗೊತ್ತಿದ್ದರೂ ಎದ್ದು ನಿಂತರೆ ಬಾಯಿ ಒಣಗುತ್ತದೆ. ಬೇಜಾರಿಗೆ ಪರಿಹಾರ ಹುಡುಕುವುದು ಕಷ್ಟ. ಭೌತಶಾಸ್ತ್ರದ ತರಗತಿಯ ಅಳುಕಿಗೆ ದಾರಿ ಇತ್ತು. ದಿನಕ್ಕೆ ಹತ್ತು ಪಾರಿಭಾಷಿಕ ಪದ, ಎರಡು ಭಾಷೆಯಲ್ಲೂ, ಬೆಂಚಿನ ಗೆಳತಿಯ ಜೊತೆ. ಎಲ್ಲವೂ ಸರಿಹೋಯಿತೆಂದು ಹೇಳುವುದಿಲ್ಲ. ಆದರೆ ಹೋರಾಡಬೇಕಾದದ್ದು ಯಾವುದರ ಜೊತೆ ಎಂದು ಅವಳಿಗೆ ತಿಳಿಯಿತು.

ಇದಕ್ಕೆ ಮಿದುಳಿನ ಮಟ್ಟದಲ್ಲೂ ಆಧಾರವಿದೆ. 2007ರಲ್ಲಿ ಮನೋವಿಜ್ಞಾನಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು ಸಿಟ್ಟು, ಭಯ ತುಂಬಿದ ಮುಖಗಳ ಚಿತ್ರ ತೋರಿಸಿ, ಆ ಭಾವಕ್ಕೆ ಹೆಸರು ಆರಿಸಲು ಹೇಳಿ, ಮಿದುಳನ್ನು ಸ್ಕ್ಯಾನ್ ಮಾಡಿದರು. ಹೆಸರಿಟ್ಟಾಗ ಅಪಾಯದ ಗಂಟೆ ಬಾರಿಸುವ ಅಮಿಗ್ಡಲ ಎಂಬ ಭಾಗದ ಚಟುವಟಿಕೆ ತಗ್ಗಿತ್ತು.

ನನ್ನ ಬಗ್ಗೆ ನಾನೇ ಯೋಚಿಸುತ್ತಾ ಕೂತರೆ ಇನ್ನೂ ಕುಸಿಯುತ್ತೇನೆ. ಅರಿವು ಹೆಚ್ಚಾದರೆ ತೊಂದರೆಯೇ?

ಬಹಳ ಸರಿಯಾದ ಪ್ರಶ್ನೆ. ಗಮನಿಸುವುದು ಬೇರೆ, ಕೊರಗುವುದು ಬೇರೆ. ಹಳೆಯ ಕಾಲದ ಎಣ್ಣೆ ಗಾಣ ನೋಡಿದ್ದರೆ ನೆನಪು ಮಾಡಿಕೊಳ್ಳಿ, ಚಳ್ಳಕೆರೆಯವರಿಗೆ ಇದು ಬೇಗ ತಿಳಿಯುತ್ತದೆ. ಗಾಣದ ಎತ್ತು ದಿನವಿಡೀ ನಡೆಯುತ್ತದೆ, ಸಂಜೆಗೆ ಹೊರಟಲ್ಲೇ ಇರುತ್ತದೆ. ಅದು ಸುತ್ತಿದ್ದಕ್ಕೆ ಎಣ್ಣೆಯಾದರೂ ಬರುತ್ತದೆ. ಕೊರಗಿನ ಗಾಣದಲ್ಲಿ ಹಿಂಡಿಯೂ ಸಿಗುವುದಿಲ್ಲ. ಒಂದೇ ನೋವನ್ನು ಹೀಗೆ ಸುತ್ತುವವರಲ್ಲಿ ಖಿನ್ನತೆ ಹೆಚ್ಚು ಕಾಲ ಉಳಿಯುತ್ತದೆ ಎಂಬುದನ್ನು ಸುಸಾನ್ ನೋಲೆನ್ ಹೋಕ್ಸೆಮಾ ಎಂಬ ಮನೋವಿಜ್ಞಾನಿ ವರ್ಷಗಳ ಕಾಲ ಅಧ್ಯಯನ ಮಾಡಿ ತೋರಿಸಿದರು.

ಎರಡನ್ನೂ ಬೇರ್ಪಡಿಸುವ ಒಂದು ಗುರುತು ನಾನು ಬಳಸುತ್ತೇನೆ. "ನಾನು ಯಾಕೆ ಹೀಗೆ?" ಎಂಬ ಪ್ರಶ್ನೆ ಹೆಚ್ಚಾಗಿ ಗಾಣಕ್ಕೆ ಕಟ್ಟುತ್ತದೆ. "ಈಗ ಏನಾಗುತ್ತಿದೆ? ಮುಂದಿನ ಒಂದು ಗಂಟೆಯಲ್ಲಿ ಏನು ಮಾಡಬಹುದು?" ಎಂಬುದು ಬಿಡಿಸುತ್ತದೆ. ಇನ್ನೊಂದು ಉಪಾಯ, ನಿಮ್ಮನ್ನು ನೀವೇ ಹೆಸರು ಹಿಡಿದು ಮಾತಾಡಿಸುವುದು. "ನಾನು ಹಾಳಾದೆ" ಎನ್ನುವ ಬದಲು, ಗೆಳತಿಯನ್ನು ಕೇಳಿದ ಹಾಗೆ, "ಏನಮ್ಮಾ, ಇವತ್ತು ಏನಾಯಿತು?" ಎಂದು ಹೆಸರು ಸೇರಿಸಿ ಕೇಳಿಕೊಳ್ಳುವುದು. ಹೀಗೆ ತುಸು ದೂರ ನಿಂತು ಮಾತಾಡಿಕೊಂಡರೆ ಒತ್ತಡದ ಸಂದರ್ಭವನ್ನು ನಿಭಾಯಿಸುವುದು ಸುಲಭವಾಗುತ್ತದೆ ಎಂದು ಮನೋವಿಜ್ಞಾನಿ ಈಥನ್ ಕ್ರಾಸ್ ಅವರ ತಂಡದ ಪ್ರಯೋಗಗಳು ಹೇಳುತ್ತವೆ.

ಅದೂ ಆಗದಿದ್ದರೆ ಎದ್ದು ನಡೆಯಿರಿ. ಕುಂದುವಾಡ ಕೆರೆಯ ಏರಿ, ದುರ್ಗದವರಿಗೆ ಚಂದ್ರವಳ್ಳಿ. ನಡೆಯುವಾಗ ತಲೆ ಒಂದೇ ಜಾಗದಲ್ಲಿ ನಿಲ್ಲುವುದು ಕಷ್ಟ.

ದಿನಚರಿ ಬರೆಯಿರಿ ಎನ್ನುತ್ತಾರೆ. ನಮ್ಮ ಮನೆಯಲ್ಲಿ ನನಗೆಂದು ಒಂದು ಕಪಾಟೂ ಇಲ್ಲ. ಯಾರಾದರೂ ಓದಿಬಿಟ್ಟರೆ?

ಬರೆದು ಹರಿದು ಹಾಕಿ. ಬರೆಯುವುದರಲ್ಲಿ ಲಾಭವಿದೆ, ಇಟ್ಟುಕೊಳ್ಳಲೇಬೇಕೆಂದಿಲ್ಲ. ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ದಿನಕ್ಕೆ 15 ನಿಮಿಷದಂತೆ ನಾಲ್ಕು ದಿನ ಮನಸ್ಸಿನ ನೋವನ್ನು ಬರೆದರು, ಅಷ್ಟೇ. ನಂತರದ ತಿಂಗಳುಗಳಲ್ಲಿ ಅವರು ಆರೋಗ್ಯ ಕೇಂದ್ರಕ್ಕೆ ಹೋದದ್ದು ಸಾಮಾನ್ಯ ವಿಷಯ ಬರೆದವರಿಗಿಂತ ಕಡಿಮೆ. ನನಗೆ ಗೊತ್ತಿರುವ ಒಬ್ಬ ಗೃಹಿಣಿ ಹಾಲಿನ ಲೆಕ್ಕದ ಪುಸ್ತಕದಲ್ಲಿ ತಾರೀಖಿನ ಎದುರು ಒಂದೇ ಪದ ಬರೆಯುತ್ತಾರೆ. "ಅರ್ಧ ಲೀಟರ್, ಮುನಿಸು." "ಒಂದು ಲೀಟರ್, ಹಗುರ." ಮನೆಯಲ್ಲಿ ಯಾರೂ ಆ ಪುಸ್ತಕ ತೆರೆಯುವುದಿಲ್ಲ. ತಿಂಗಳ ಕೊನೆಗೆ ಅವರಿಗೆ ಹಾಲಿನ ಲೆಕ್ಕವೂ ಸಿಗುತ್ತದೆ, ಮನಸ್ಸಿನದೂ ಸಿಗುತ್ತದೆ.

ಒಂದು ಎಚ್ಚರಿಕೆ: ದೌರ್ಜನ್ಯ, ಅಪಘಾತ, ಹತ್ತಿರದವರ ಸಾವಿನಂಥ ಗಾಯ ಇನ್ನೂ ಹಸಿಯಾಗಿದ್ದರೆ ಒಬ್ಬರೇ ಕೂತು ಅದನ್ನು ಕೆದಕಿ ಬರೆಯಬೇಡಿ. ಅದಕ್ಕೆ ಆಪ್ತಸಮಾಲೋಚಕರ ಜೊತೆ ಬೇಕು.

ಮನೆಯಲ್ಲಿ ಒಂದು ಥರ, ಹೊರಗೆ ಒಂದು ಥರ ಇರುತ್ತೇನೆ. ನಾನು ನಾಟಕ ಮಾಡುತ್ತಿದ್ದೇನೆಯೇ?

ಇಲ್ಲಿಂದ ಹದಿನಾಲ್ಕು ಕಿಲೋಮೀಟರಿನಷ್ಟು ದೂರದ ಹರಿಹರಕ್ಕೆ ಹೋಗಿ ಬನ್ನಿ. ಹೊಯ್ಸಳರ ಕಾಲದ ಆ ಗುಡಿಯಲ್ಲಿ ಒಂದೇ ವಿಗ್ರಹ, ಅರ್ಧ ಹರಿ, ಅರ್ಧ ಹರ. ಎಂಟುನೂರು ವರ್ಷಗಳಿಂದ ಜನ ಆ ಎರಡಕ್ಕೂ ಒಟ್ಟಿಗೇ ಕೈಮುಗಿಯುತ್ತಿದ್ದಾರೆ. ಅಜ್ಜನೆದುರು ತಗ್ಗಿದ ದನಿ, ಗೆಳೆಯರೆದುರು ನಗು, ಎರಡೂ ನಿಮ್ಮವೇ. ತೊಂದರೆ ಯಾವಾಗ ಎಂದರೆ, ಎಲ್ಲಿಯೂ, ಯಾರೆದುರೂ, ನಿಮಗೆ ನಿಜ ಅನಿಸುವ ಒಂದು ಮಾತನ್ನು ಆಡಲಾಗದಿದ್ದಾಗ. ಅಂಥ ಒಬ್ಬರಾದರೂ ಇದ್ದಾರೆಯೇ ಎಂದು ಎಣಿಸಿಕೊಳ್ಳಿ.

ಹೆಸರು ಹೇಳಿದರೆ ಸಾಕು, "ನಿಮ್ಮದು ಯಾವ ಪೈಕಿ" ಎನ್ನುತ್ತಾರೆ. ನನ್ನ ಗುರುತನ್ನು ನಾನು ಹುಡುಕುವ ಮೊದಲೇ ಬೇರೆಯವರು ಬರೆದುಬಿಟ್ಟಿದ್ದಾರೆ.

ಇದನ್ನು ಕೇಳಿದ ವಿದ್ಯಾರ್ಥಿಗೆ ಆ ದಿನ ನನಗೆ ಉತ್ತರ ಹೇಳಲಾಗಲಿಲ್ಲ. ಆಮೇಲೆ ಯೋಚಿಸಿ ಹೇಳಿದ್ದು ಇಷ್ಟು. ಆ ಪ್ರಶ್ನೆ ಕೇಳಿದಾಗ ನಿನಗಾಗುವ ಅವಮಾನ ನಿನ್ನೊಳಗೆ ಹುಟ್ಟಿದ್ದಲ್ಲ, ಹೊರಗಿನಿಂದ ಎಸೆದದ್ದು. ಅದನ್ನು "ನನ್ನ ಕೊರತೆ" ಎಂದು ಎತ್ತಿ ಜೇಬಿಗೆ ಹಾಕಿಕೊಳ್ಳಬೇಡ. ಸ್ವಯಂ ಅರಿವಿನ ಹೆಸರಿನಲ್ಲಿ ಅನ್ಯಾಯವನ್ನು ನುಂಗಿಕೊಳ್ಳಲು ಯಾರಾದರೂ ಹೇಳಿದರೆ ಒಪ್ಪಬೇಡ. ಜಾತಿಯ ಹೆಸರಿನಲ್ಲಿ ನಡೆಯುವ ದೌರ್ಜನ್ಯಕ್ಕೆ 1989ರ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ ಇದೆ, ಅದು ಇರುವುದೇ ಬಳಸಲಿಕ್ಕೆ. ನಿನ್ನ ಮನೆಯವರ ದುಡಿಮೆ, ಹಾಡು, ಅಡುಗೆ, ನೆನಪು, ಅವುಗಳಲ್ಲಿ ಹೆಮ್ಮೆ ಪಡುವ ಹಕ್ಕು ಮಾತ್ರ ಪೂರ್ತಿ ನಿನ್ನದು.

ಕೆಲಸ ಹೋಯಿತು ಅಥವಾ ಮದುವೆಯಾಗಿ ಊರು ಬದಲಾಯಿತು. ಹಿಂದಿನ "ನಾನು" ಎಲ್ಲಿ ಹೋದೆ?

ಈ ನಷ್ಟವನ್ನು ನಮ್ಮ ಊರು ಚೆನ್ನಾಗಿ ಬಲ್ಲದು. ಹತ್ತಿ ಗಿರಣಿಗಳ ಕಾಲದಲ್ಲಿ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ನಿಂತದ್ದು ಸಂಬಳವೊಂದೇ ಅಲ್ಲ. ನಮ್ಮ ಬೀದಿಯ ಹಿರಿಯರೊಬ್ಬರು ಸೈರನ್ ನಿಂತು ಎಷ್ಟೋ ವರ್ಷವಾದರೂ ಪಾಳಿಯ ಹೊತ್ತಿಗೆ ಎದ್ದು, ಮುಖ ತೊಳೆದು, ಕಟ್ಟೆಯ ಮೇಲೆ ಕೂರುತ್ತಿದ್ದರು. ಅವರ ಮನೆಯವರು ಅದನ್ನು ಮೊಂಡುತನ ಎಂದುಕೊಂಡಿದ್ದರು. ಅದು ಶೋಕ. ಯಾರೂ ಸಾಯದೆ ಆಗುವ ಶೋಕ. ಮದುವೆಯ ಮಾರನೇ ದಿನದಿಂದ "ಇಂಥವರ ಸೊಸೆ", ಎರಡು ವರ್ಷಕ್ಕೆ "ಇಂಥವನ ಅಮ್ಮ" ಆಗುವ ಹೆಣ್ಣುಮಕ್ಕಳಿಗೂ ಇದೇ ಶೋಕವಿದೆ. ಸುತ್ತಲೂ ಸಂಭ್ರಮ ಇರುವುದರಿಂದ ಅವರು ಅಳುವಂತೆಯೂ ಇಲ್ಲ.

ಹಿಂದಿನದು ಪೂರ್ತಿ ವಾಪಸು ಬರುವುದಿಲ್ಲ. ಒಂದು ಎಳೆಯನ್ನು ಮಾತ್ರ ಈಚೆಗೆ ತನ್ನಿ. ಮೊದಲು ಹಾಡುತ್ತಿದ್ದಿರಾದರೆ ವಾರಕ್ಕೊಮ್ಮೆ ಹಾಡಿ. ನಿಮ್ಮನ್ನು ಬರೀ ಹೆಸರಿನಿಂದ ಕರೆಯುವ ಹಳೆಯ ಗೆಳತಿಗೆ ಫೋನ್ ಮಾಡಿ.

ನನಗೆ ಕಾಣದ್ದನ್ನು ಬೇರೆಯವರು ಕಾಣುತ್ತಾರೆಯೇ?

ಖಂಡಿತ. ಮನೋವಿಜ್ಞಾನಿಗಳಾದ ಜೋಸೆಫ್ ಲುಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗ್ಹ್ಯಾಮ್ 1955ರಲ್ಲಿ ಜೊಹಾರಿ ಕಿಟಕಿ ಎಂಬ ಚಿತ್ರ ರೂಪಿಸಿದರು, ನಮ್ಮ ಬಗ್ಗೆ ಯಾರಿಗೆ ಏನು ಗೊತ್ತು ಎಂಬುದನ್ನು ನಾಲ್ಕು ಚೌಕಗಳಲ್ಲಿ ತೋರಿಸುವಂಥದ್ದು. ಅದರ ಒಂದು ಚೌಕ ಇದಕ್ಕೇ ಮೀಸಲು: ಬೇರೆಯವರಿಗೆ ಗೊತ್ತು, ನಮಗೆ ಗೊತ್ತಿಲ್ಲ. ನಿಮ್ಮ ಹಿತ ಬಯಸುವ ಇಬ್ಬರನ್ನು ಆರಿಸಿ, "ನನಗೆ ಸಿಟ್ಟು ಬಂದಾಗ ನಾನು ಹೇಗೆ ಕಾಣುತ್ತೇನೆ?" ಎಂದು ಕೇಳಿ. ಹತ್ತು ಜನರನ್ನು ಕೇಳಬೇಡಿ, ವಾಟ್ಸ್‌ಆ್ಯಪ್ ಗುಂಪಿನಲ್ಲಂತೂ ಬೇಡವೇ ಬೇಡ.

ಯಾವ ಹಂತದಲ್ಲಿ ವೈದ್ಯರ ಬಳಿಗೆ ಹೋಗಬೇಕು? ಎಲ್ಲಿಗೆ?

ಎರಡು ವಾರಕ್ಕೂ ಮೀರಿ ದಿನದ ಹೆಚ್ಚಿನ ಹೊತ್ತು ಮಂಕು, ಮೊದಲು ಇಷ್ಟವಿದ್ದದ್ದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಅಥವಾ ಹಸಿವು ಕೆಟ್ಟಿದೆ, ಕೆಲಸ ಸಾಗುತ್ತಿಲ್ಲ ಎಂದಾದರೆ ಹೋಗಿ. ಸಾಯಬೇಕು ಎಂಬ ಯೋಚನೆ ಒಮ್ಮೆ ಬಂದರೂ ಎರಡು ವಾರ ಎಣಿಸಬೇಡಿ, ಅದೇ ದಿನ ಯಾರಿಗಾದರೂ ಹೇಳಿ. ನಮ್ಮಲ್ಲಿ ಬಹಳ ಜನಕ್ಕೆ ಇದು ಮನಸ್ಸಿನ ಭಾಷೆಯಲ್ಲಿ ಬರುವುದಿಲ್ಲ. ಎದೆ ಭಾರ, ತಲೆ ಭಾರ, ಕೈಕಾಲು ಜೋಮು, ಹೊಟ್ಟೆಯಲ್ಲಿ ಸಂಕಟ ಎಂದು ಬರುತ್ತದೆ. ಪರೀಕ್ಷೆಗಳೆಲ್ಲ ಸರಿಯಿದ್ದೂ ನೋವು ಹೋಗದಿದ್ದರೆ ಮನಸ್ಸಿನ ಕಡೆಗೂ ನೋಡಬೇಕು. ಅದೇ ರೀತಿ, ಬರೀ ಮಂಕು ಎಂದುಕೊಂಡದ್ದು ಕೆಲವೊಮ್ಮೆ ಥೈರಾಯ್ಡ್ ಅಥವಾ ರಕ್ತಹೀನತೆಯೂ ಆಗಿರಬಹುದು.

ಮಾನಸಿಕ ಆರೋಗ್ಯಕ್ಕೆಂದೇ ಇರುವ ಟೆಲಿ ಮಾನಸ್ ಸಹಾಯವಾಣಿ 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ್ದು. ಉಚಿತ, 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಚಿತ್ರದುರ್ಗದಲ್ಲಿ ಅಲ್ಲಿನ ಜಿಲ್ಲಾ ಆಸ್ಪತ್ರೆ. ಹಳ್ಳಿಯಲ್ಲಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು ಹತ್ತು ವಯಸ್ಕರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಆಸ್ಪತ್ರೆಯ ಸಾಲಿನಲ್ಲಿ ನೀವು ಒಬ್ಬರೇ ಇರುವುದಿಲ್ಲ.

ಹೋದರೆ ಊರಿಗೆಲ್ಲ ಗೊತ್ತಾಗುವುದಿಲ್ಲವೇ? ಮಾತ್ರೆ ಹಿಡಿದರೆ ಬಿಡಲಾಗುವುದಿಲ್ಲವಂತೆ?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಮ್ಮ ಚಿಕಿತ್ಸೆಯ ವಿವರ ಗುಟ್ಟಾಗಿ ಉಳಿಯಬೇಕೆಂದು ಹೇಳುತ್ತದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಅದು ಭಾವಿಸುತ್ತದೆ, ಆದ್ದರಿಂದ ಪೊಲೀಸರಿಗೆ ಹೆದರಿ ಚಿಕಿತ್ಸೆ ತಡಮಾಡಬೇಡಿ. ಖಿನ್ನತೆಯ ಮಾತ್ರೆಗಳು ಸಾರಾಯಿಯ ಹಾಗೆ ಚಟ ಹಿಡಿಸುವುದಿಲ್ಲ. ಪರಿಣಾಮ ಕಾಣಲು ಕೆಲವು ವಾರ ಬೇಕು, ನಿಲ್ಲಿಸುವಾಗ ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಸ್ವಲ್ಪ ಹಗುರಾದ ಕೂಡಲೇ ತಾವಾಗಿಯೇ ಬಿಟ್ಟು ಮತ್ತೆ ಕುಸಿದವರನ್ನು ನಾನು ನೋಡಿದ್ದೇನೆ.

ಮಗಳು ನಮ್ಮ ಜೊತೆ ಮಾತೇ ಆಡುವುದಿಲ್ಲ. ಅವಳ ಮನಸ್ಸಿನಲ್ಲೇನಿದೆ ಎಂದು ತಿಳಿಯುವುದು ಹೇಗೆ?

ಎದುರು ಕೂರಿಸಿ ಕೇಳಬೇಡಿ, ಅದು ವಿಚಾರಣೆಯಾಗುತ್ತದೆ. ಪಕ್ಕದಲ್ಲಿದ್ದು ಕೇಳಿ. ಅವರೆಕಾಯಿ ಸುಲಿಯುವಾಗ, ಬಟ್ಟೆ ಮಡಚುವಾಗ, ಸ್ಕೂಟರಿನಲ್ಲಿ ಟ್ಯೂಷನ್ನಿಗೆ ಬಿಡುವಾಗ. ಕಣ್ಣಿಗೆ ಕಣ್ಣು ಸೇರದಿದ್ದರೆ ಮಾತು ಸುಲಭ. ಮೊದಲು ನಿಮ್ಮದನ್ನೇ ಹೇಳಿ: "ಇವತ್ತು ಆಫೀಸಿನಲ್ಲಿ ನನಗೆ ಯಾಕೋ ಮುಜುಗರವಾಯಿತು." ಅಪ್ಪನಿಗೂ ಮುಜುಗರವಾಗುತ್ತದೆ ಎಂಬುದು ಎಷ್ಟೋ ಮಕ್ಕಳಿಗೆ ಹೊಸ ಸುದ್ದಿ. ಅವಳು ಏನಾದರೂ ಹೇಳಿದರೆ ತಕ್ಷಣ ಪರಿಹಾರ ಕೊಡಬೇಡಿ, "ಆಮೇಲೆ?" ಎನ್ನಿ. ಏನೂ ಹೇಳದಿದ್ದರೆ ಸುಮ್ಮನೆ ಗಾಡಿ ಓಡಿಸಿ. ನಾಳೆಯೂ ಅದೇ ಹೊತ್ತಿಗೆ ಟ್ಯೂಷನ್ ಇದೆ.